ಗುಡ್ಡವೇ ಇಲ್ಲದ ಲಾಡರ್‌ಹಿಲ್

ಕ್ರಿಕೆಟ್ ನೋಡುವವರಾದರೆ ಈ ಊರನ್ನು ನೀವು ಆಗಲೇ ನೋಡಿದ್ದೀರಿ. 2016ರ ಆಗಸ್ಟ್ 27, ಶನಿವಾರ. ವೆಸ್ಟ್ ಇಂಡೀಸ್ 20 ಓವರಿನಲ್ಲಿ 245 ಹೊಡೆದು ಕೂತಿತ್ತು. ‘ಇದು ಆಗೋ ಮಾತಲ್ಲ’ ಅಂತ ಎಷ್ಟೋ ಜನ ಟೀವಿ ಬಿಟ್ಟು ಊಟಕ್ಕೆ ಎದ್ದಿರಬೇಕು. ಆಮೇಲೆ ನಮ್ಮ ಕೆ.ಎಲ್. ರಾಹುಲ್ 46 ಎಸೆತದಲ್ಲಿ ನೂರು ಬಾರಿಸಿದ. ಒಟ್ಟು 51 ಎಸೆತಕ್ಕೆ ಅಜೇಯ 110. ಕೊನೆಯ ಎಸೆತಕ್ಕೆ 2 ರನ್ ಬೇಕಿತ್ತು. ಬ್ರಾವೋ ಹಾಕಿದ ನಿಧಾನದ ಎಸೆತಕ್ಕೆ ಧೋನಿ ಔಟ್. 1 ರನ್ನಿನ ಸೋಲು. ಸುರತ್ಕಲ್ ಹುಡುಗ ಇನ್ನೊಂದು ತುದಿಯಲ್ಲಿ ನಿಂತು ನೋಡುತ್ತಿದ್ದ.

ಅವತ್ತು ಪರದೆಯ ಮೂಲೆಯಲ್ಲಿ ‘ಲಾಡರ್‌ಹಿಲ್, ಫ್ಲೋರಿಡಾ’ ಅಂತ ಬರ್ತಾ ಇತ್ತು. ಆಮೇಲೂ 2019, 2022, 2023ರಲ್ಲಿ ಭಾರತ ಅಲ್ಲೇ ಆಡಿತು. 2024ರ ಟಿ20 ವಿಶ್ವಕಪ್‌ನಲ್ಲಿ ಕೆನಡಾ ವಿರುದ್ಧದ ಪಂದ್ಯ ಮಳೆಯಲ್ಲಿ ಕೊಚ್ಚಿಹೋಗಿದ್ದೂ ಅಲ್ಲೇ. ಇಷ್ಟೆಲ್ಲಾ ಆದರೂ ಈ ಊರು ಯಾವುದು, ಅಮೆರಿಕದ ಮೂಲೆಯೊಂದರಲ್ಲಿ ಕ್ರಿಕೆಟ್ ಸ್ಟೇಡಿಯಂ ಕಟ್ಟಿದ್ದು ಯಾರು ಅಂತ ನಾವ್ಯಾರೂ ಅಷ್ಟಾಗಿ ಕೇಳಲಿಲ್ಲ. ನಾನಂತೂ ಕೇಳಿರಲಿಲ್ಲ. ಕ್ಲೈಂಟ್ ಪ್ರಾಜೆಕ್ಟ್ ಅಂತ ಎಂಟು ವಾರ ಫೋರ್ಟ್ ಲಾಡರ್‌ಡೇಲ್‌ಗೆ ಹೋದಾಗ, ವೀಕೆಂಡಿನಲ್ಲಿ ಸಹೋದ್ಯೋಗಿಗಳು ಬೀಚು, ಮಯಾಮಿ, ಕೀ ವೆಸ್ಟ್ ಅಂತ ಹೊರಟರೆ ನಾನು ಸ್ಟೇಡಿಯಂ ನೋಡಿ ಬರೋಣ ಅಂತ 441ನೇ ಹೆದ್ದಾರಿಯ ಬಸ್ ಹತ್ತಿದೆ. ಸ್ಟೇಡಿಯಂ ನೋಡೋಕೆ ಹತ್ತು ನಿಮಿಷ ಸಾಕಾಯಿತು. ಊರು ನೋಡೋಕೆ ಉಳಿದ ಎಲ್ಲಾ ಭಾನುವಾರಗಳೂ ಬೇಕಾದವು.

ಮೊದಲು ಹೆಸರಿನ ಕಥೆ. ‘ಹಿಲ್’ ಅಂದರೆ ಗುಡ್ಡ. ಲಾಡರ್‌ಹಿಲ್‌ನಲ್ಲಿ ಗುಡ್ಡ ಹೋಗಲಿ, ದಿಣ್ಣೆಯೂ ಇಲ್ಲ. ಇಡೀ ದಕ್ಷಿಣ ಫ್ಲೋರಿಡಾ ದೋಸೆ ಹೆಂಚಿನ ಹಾಗೆ ಚಪ್ಪಟೆ. ಊರು ಕಟ್ಟಿದ ಬಿಲ್ಡರ್ ಹರ್ಬರ್ಟ್ ಸ್ಯಾಡ್ಕಿನ್ ಇದಕ್ಕೆ ‘ಸನ್ನಿಡೇಲ್’ ಅಂತ ಹೆಸರಿಡಬೇಕು ಅಂತಿದ್ದನಂತೆ. ಅವನ ಸ್ನೇಹಿತ ವಿಲಿಯಂ ಸಫೈರ್, ಅದು ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಹೆಸರಿನ ಹಾಗಿದೆ, ಬೇರೆ ಇಡು ಅಂದನಂತೆ. ‘ಇಲ್ಲಿ ಗುಡ್ಡ ಎಲ್ಲಿದೆ?’ ಅಂತ ಸ್ಯಾಡ್ಕಿನ್ ಕೇಳಿದರೆ, ‘ಪಕ್ಕದ ಲಾಡರ್‌ಡೇಲ್‌ನಲ್ಲಿ ಕಣಿವೆ ಎಲ್ಲಿದೆ?’ ಅನ್ನೋ ಉತ್ತರ ಬಂತು. ಹಾಗೆ 1959ರಲ್ಲಿ ಲಾಡರ್‌ಹಿಲ್ ಹುಟ್ಟಿತು. ನಮ್ಮಲ್ಲಿ ಕೆರೆ ಮುಚ್ಚಿ ಕಟ್ಟಿದ ಅಪಾರ್ಟ್‌ಮೆಂಟಿಗೆ ‘ಲೇಕ್ ವ್ಯೂ’ ಅಂತ ಹೆಸರಿಡೋದಿಲ್ವಾ, ಅದೇ ಜಾತಿ.

ಈ ಸ್ಯಾಡ್ಕಿನ್ ಕಂಪನಿಯ ಮನೆಗೆ ಇನ್ನೊಂದು ಖ್ಯಾತಿ ಇದೆ. ಅದೇ 1959ರ ಜುಲೈನಲ್ಲಿ ಮಾಸ್ಕೋದಲ್ಲಿ ಅಮೆರಿಕದ ವಸ್ತುಪ್ರದರ್ಶನ ನಡೆಯಿತು. ಅಮೆರಿಕದ ಸಾಮಾನ್ಯ ಕುಟುಂಬದ ಮನೆ ಹೇಗಿರುತ್ತೆ ಅಂತ ತೋರಿಸಲು ಒಂದು ಮಾದರಿ ಮನೆ ಕಟ್ಟಿ, ಜನ ಓಡಾಡಲಿ ಅಂತ ಅದನ್ನು ನಡುವೆ ಸೀಳಿ ಇಟ್ಟಿದ್ದರು. ಅದರ ಅಡುಗೆಮನೆ ಮುಂದೆಯೇ ನಿಕ್ಸನ್ ಮತ್ತು ಕ್ರುಶ್ಚೇವ್ ಬಂಡವಾಳಶಾಹಿಯೋ ಸಮಾಜವಾದವೋ ಅಂತ ಜಗಳವಾಡಿದ್ದು. ಇತಿಹಾಸದ ಪುಸ್ತಕಗಳಲ್ಲಿ ಅದಕ್ಕೆ ‘ಕಿಚನ್ ಡಿಬೇಟ್’ ಅಂತಲೇ ಹೆಸರು. ಮನೆ ಸ್ಯಾಡ್ಕಿನ್ ಕಂಪನಿಯದ್ದು. ಅದರ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವನು ಇದೇ ಸಫೈರ್. ಮುಂದೆ ಅವನು ನಿಕ್ಸನ್‌ಗೆ ಭಾಷಣ ಬರೆದುಕೊಟ್ಟ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹೆಸರಾಂತ ಅಂಕಣಕಾರನೂ ಆದ.

1960ರ ಜನಗಣತಿಯಲ್ಲಿ ಲಾಡರ್‌ಹಿಲ್ ಜನಸಂಖ್ಯೆ ಬರೀ 132. ಒಂದು ಅಪಾರ್ಟ್‌ಮೆಂಟ್ ಬ್ಲಾಕ್‌ನಷ್ಟೂ ಇಲ್ಲ. 1970ಕ್ಕೆ 8,465, 1980ಕ್ಕೆ 37 ಸಾವಿರ ದಾಟಿತು. ಬಂದವರಲ್ಲಿ ಹೆಚ್ಚಿನವರು ನ್ಯೂಯಾರ್ಕ್ ಕಡೆಯ ಚಳಿಗೆ ಬೇಸತ್ತ ನಿವೃತ್ತ ಬಿಳಿಯರು, ಅವರಲ್ಲಿ ಬಹಳಷ್ಟು ಯಹೂದಿ ಕುಟುಂಬಗಳು. ಊರಿನ ಪಶ್ಚಿಮಕ್ಕೆ ಇನ್‌ವೆರರಿ ಅನ್ನುವ ಗಾಲ್ಫ್ ಬಡಾವಣೆ ಎದ್ದಿತು. ಟೀವಿ ಹಾಸ್ಯನಟ ಜಾಕಿ ಗ್ಲೀಸನ್ ಅಲ್ಲೇ ಮನೆ ಮಾಡಿಕೊಂಡ, ತನ್ನ ಹೆಸರಿನಲ್ಲಿ ಗಾಲ್ಫ್ ಟೂರ್ನಿ ನಡೆಸಿದ, 1987ರಲ್ಲಿ ಅಲ್ಲೇ ತೀರಿಕೊಂಡ.

ಈಗ ಅದೇ ಇನ್‌ವೆರರಿಯ ಬಸ್ ಸ್ಟಾಪಿನಲ್ಲಿ ನಿಂತರೆ ಕಿವಿಗೆ ಬೀಳೋದು ಜಮೈಕಾದ ಪಾತ್ವಾ ಮತ್ತು ಹೈಟಿಯ ಕ್ರಿಯೋಲ್. 2020ರ ಜನಗಣತಿ ಪ್ರಕಾರ ಊರಿನ ಜನಸಂಖ್ಯೆ 74,482. ಸುಮಾರು ಮುಕ್ಕಾಲು ಪಾಲು ಕಪ್ಪು ಜನ. ಅವರಲ್ಲಿ ದೊಡ್ಡ ಭಾಗ ಜಮೈಕಾ, ಹೈಟಿ, ಟ್ರಿನಿಡಾಡ್, ಗಯಾನಾ ಮೂಲದವರು.

ಇದು ಆದದ್ದು ಹೇಗೆ? ಒಂದೇ ಕಾರಣ ಇಲ್ಲ. ಕೆರಿಬಿಯನ್ ಜನ ಮೊದಲು ಹೋಗುತ್ತಿದ್ದದ್ದು ಬ್ರಿಟನ್ನಿಗೆ. 1962ರಲ್ಲಿ ಬ್ರಿಟನ್ ಕಾನೂನು ತಂದು ಬಾಗಿಲು ಅರ್ಧ ಮುಚ್ಚಿತು. 1965ರಲ್ಲಿ ಅಮೆರಿಕ ವಲಸೆ ಕಾನೂನು ಬದಲಿಸಿ ಬಾಗಿಲು ತೆಗೆಯಿತು. (ನಮ್ಮ ಡಾಕ್ಟರು, ಎಂಜಿನಿಯರುಗಳು ಹೋಗಿದ್ದೂ ಇದೇ ಬಾಗಿಲಿನಿಂದ.) ನರ್ಸ್ ಆಗಿ, ಹಿರಿಯರ ಆರೈಕೆಗೆ, ಬಸ್ ಓಡಿಸಲು, ಶಾಲೆಯಲ್ಲಿ ಪಾಠ ಹೇಳಲು ಜನ ನ್ಯೂಯಾರ್ಕಿಗೆ ಬಂದರು. ಹದಿನೈದಿಪ್ಪತ್ತು ವರ್ಷ ದುಡಿದ ಮೇಲೆ, ಹಿಮ ಇಲ್ಲದ, ಹಿತ್ತಿಲಲ್ಲಿ ಮಾವಿನ ಮರ ನೆಡಬಹುದಾದ ಊರು ಬೇಕು ಅನ್ನಿಸಿತು. 70ರ ದಶಕದ ರಾಜಕೀಯ ಗಲಭೆಗೆ ಹೆದರಿ ಜಮೈಕಾದಿಂದ ನೇರ ಫ್ಲೋರಿಡಾಕ್ಕೆ ಬಂದವರೂ ಇದ್ದರು. 1992ರ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣ ಭಾಗವನ್ನು ನೆಲಸಮ ಮಾಡಿದಾಗ ಅಲ್ಲಿಂದ ಉತ್ತರಕ್ಕೆ ಸರಿದವರೂ ಇದ್ದರು. ಅಷ್ಟೊತ್ತಿಗೆ ಲಾಡರ್‌ಹಿಲ್‌ನ ಮೊದಲ ತಲೆಮಾರು ವಯಸ್ಸಾಗಿ ಹೋಗುತ್ತಿತ್ತು, ಅವರ ಮಕ್ಕಳು ಇನ್ನೂ ಪಶ್ಚಿಮದ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದರು. ಮನೆಗಳು ಅಗ್ಗಕ್ಕೆ ಸಿಕ್ಕವು.

ಅಗ್ಗ ಅಂದರೂ ಮುಂಗಡ ದುಡ್ಡು ಬೇಕಲ್ಲ. ಅದಕ್ಕೆ ಉತ್ತರ ಕೇಳಿದಾಗ ನನಗೆ ನಗು ಬಂತು. ಉತ್ತರ: ಚೀಟಿ!

ಹಾಗೆ ಹೇಳಿದ್ದು ಇನ್‌ವೆರರಿಯ ಬಸ್ ಸ್ಟಾಪಿನಲ್ಲಿ ಸಿಕ್ಕ ಜಮೈಕಾದ ಒಬ್ಬ ಅಜ್ಜಿ. ನಿವೃತ್ತ ನರ್ಸ್. ಭಾನುವಾರದ ಚರ್ಚಿಗೆ ಟೋಪಿ, ಗ್ಲೌಸು ಎಲ್ಲ ಹಾಕಿ ಹೊರಟಿದ್ದರು. ಭಾನುವಾರ ಬಸ್ ಬರೋದು ತಡ, ಮಾತಿಗೆ ಸಮಯ ಬೇಕಾದಷ್ಟು. ನಾನು ‘ಆಂಟಿ’ ಅಂದಿದ್ದಕ್ಕೆ ಖುಷಿಯಾಗಿ, ‘ನಮ್ಮಲ್ಲೂ ದೊಡ್ಡವರನ್ನ ಹೆಸರು ಹಿಡಿದು ಕರೆಯೋಲ್ಲ, ಈ ಅಮೆರಿಕದ ಮಕ್ಕಳಿಗೆ ಅದು ಗೊತ್ತಿಲ್ಲ’ ಅಂತ ಶುರು ಮಾಡಿದರು. ಆಸ್ಪತ್ರೆಯಲ್ಲಿ ಜೊತೆಗಿದ್ದ ನರ್ಸುಗಳು, ಚರ್ಚಿನವರು, ಒಂದೇ ಊರಿನವರು ಸೇರಿ ಹತ್ತಿಪ್ಪತ್ತು ಜನ ವಾರಕ್ಕಿಷ್ಟು ಅಂತ ಹಾಕುವುದು, ಸರದಿ ಬಂದವರು ಪೂರ್ತಿ ಎತ್ತಿಕೊಳ್ಳುವುದು. ಜಮೈಕಾದಲ್ಲಿ ಇದಕ್ಕೆ ‘ಪಾರ್ಡ್‌ನರ್’ ಅಂತಾರೆ. ಟ್ರಿನಿಡಾಡ್‌ನವರು ‘ಸೂಸೂ’, ಗಯಾನಾದವರು ‘ಬಾಕ್ಸ್ ಹ್ಯಾಂಡ್’. ನಡೆಸುವವರು ‘ಬ್ಯಾಂಕರ್’, ವಾರದ ಕಂತು ‘ಹ್ಯಾಂಡ್’, ಎತ್ತುವುದು ‘ಡ್ರಾ’. ನಮ್ಮ ಚೀಟಿಯಲ್ಲಿ ಇರೋ ಹಾಗೆ ಕೂಗು ಇಲ್ಲ, ಕಸರು ಇಲ್ಲ, ಬಡ್ಡಿ ಇಲ್ಲ. ಕಾಗದ ಪತ್ರವೂ ಇಲ್ಲ.

‘ಮೋಸ ಆಗಲ್ವಾ ಆಂಟಿ?’ ಅಂದೆ.

‘ಮೋಸ ಮಾಡಿದವಳು ಮುಂದಿನ ಭಾನುವಾರ ಚರ್ಚಿಗೆ ಹೇಗೆ ಬರ್ತಾಳೆ?’ ಅಂದರು.

ಕ್ರೆಡಿಟ್ ಸ್ಕೋರ್ ಅನ್ನೋದು ಹೊಸದಾಗಿ ಬಂದ ವಲಸಿಗರ ಹತ್ತಿರ ಇರೋದಿಲ್ಲ. ಬ್ಯಾಂಕು ಗುರುತು ಹಿಡಿಯದಿದ್ದರೂ ಚರ್ಚಿನಲ್ಲಿ ಪಕ್ಕ ಕೂರುವವಳಿಗೆ ಗುರುತಿರುತ್ತೆ. ಹಾಗೆ ಎತ್ತಿದ ಡ್ರಾದಲ್ಲಿ ಮುಂಗಡ ಕಟ್ಟಿ, ಎರಡೆರಡು ಶಿಫ್ಟ್ ಮಾಡಿ ಸಾಲ ತೀರಿಸಿದ ಎರಡು ಬೆಡ್‌ರೂಮಿನ ಕಾಂಡೋ ಅವರದು. ಕಾಂಡೋ ಅಂದರೆ ನಮ್ಮ ಅಪಾರ್ಟ್‌ಮೆಂಟ್ ಫ್ಲ್ಯಾಟ್ ಅಂತಲೇ ಇಟ್ಟುಕೊಳ್ಳಿ. ಕಟ್ಟಡ 70ರ ದಶಕದ್ದು.

ಸಮಸ್ಯೆ ಬಂದಿರುವುದೂ ಅಲ್ಲೇ. 2021ರ ಜೂನ್ 24ರ ನಡುರಾತ್ರಿ ಮಯಾಮಿ ಪಕ್ಕದ ಸರ್ಫ್‌ಸೈಡ್‌ನಲ್ಲಿ ಸಮುದ್ರ ತೀರದ ಒಂದು ಕಾಂಡೋ ಕಟ್ಟಡ ಕುಸಿದು 98 ಜನ ಸತ್ತರು. ಮರುವರ್ಷ ಫ್ಲೋರಿಡಾ ಸರ್ಕಾರ ಕಾನೂನು ತಂದಿತು. ಮೂರು ಮತ್ತು ಅದಕ್ಕೂ ಹೆಚ್ಚು ಮಹಡಿಯ ಹಳೆಯ ಕಟ್ಟಡಗಳನ್ನು ಎಂಜಿನಿಯರುಗಳಿಂದ ತಪಾಸಣೆ ಮಾಡಿಸಬೇಕು. ಚಾವಣಿ, ಕಂಬ, ಪೈಪುಗಳ ದುರಸ್ತಿಗೆ ಅಸೋಸಿಯೇಷನ್ ಮುಂಚೆಯೇ ದುಡ್ಡು ಕೂಡಿಡಬೇಕು. ಎಂಜಿನಿಯರಿಂಗ್ ಓದಿದವನ ಕಣ್ಣಿಗೆ ಕಾನೂನು ಸರಿಯಾಗಿಯೇ ಇದೆ, ಮೊದಲೇ ಇರಬೇಕಿತ್ತು. ಆದರೆ ದಶಕಗಳ ಕಾಲ ಮುಂದೂಡಿದ ರಿಪೇರಿಯ ಬಿಲ್ಲು ಈಗ ಒಟ್ಟಿಗೆ ಬಂದಿದೆ. ಬೀಚಿನ ಕಾಂಡೋದವರು ಕಟ್ಟಿಯಾರು. ಪಿಂಚಣಿಯ ನರ್ಸ್?

ಅದರ ಮೇಲೆ ವಿಮೆ. ಚಂಡಮಾರುತದ ರಾಜ್ಯವಾದ್ದರಿಂದ ಫ್ಲೋರಿಡಾದಲ್ಲಿ ಮನೆ ವಿಮೆಯ ಕಂತು ಏರುತ್ತಲೇ ಇದೆ. ‘ಮನೆ ಸಾಲ ತೀರಿಸಿ ಒಂಬತ್ತು ವರ್ಷ ಆಯ್ತು ಮಗು. ಈಗ ತಿಂಗಳ ಮೇಂಟೆನೆನ್ಸು ನನ್ನ ಹಳೆಯ ಸಾಲದ ಕಂತಿಗಿಂತ ಜಾಸ್ತಿ’ ಅಂದರು ಅಜ್ಜಿ. ನಾನೂ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲೇ ಇರುವುದು. ಕಾರ್ಪಸ್ ಫಂಡ್ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುವ ಮಹಾಭಾರತ ನೆನಪಾಯಿತು. ನಮ್ಮ ಕಟ್ಟಡಗಳಿಗೆ ಇನ್ನೂ ವಯಸ್ಸಾಗಿಲ್ಲ ಅಷ್ಟೆ.

‘ಮಾರಿ ಜಮೈಕಾಕ್ಕೆ ಹೋಗಬಹುದಲ್ಲ?’ ಅಂತ ಕೇಳಿದೆ. ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ‘ಡಾಕ್ಟರು ಇಲ್ಲಿದ್ದಾರೆ, ಮೊಮ್ಮಕ್ಕಳು ಇಲ್ಲಿದ್ದಾರೆ, ಚರ್ಚು ಇಲ್ಲಿದೆ. ಅಲ್ಲಿ ಈಗ ಯಾರಿದ್ದಾರೆ?’ ಬಸ್ ಬಂತು. ಇಳಿಯುವಾಗ ‘ಲಿಕ್ಲ್ ಮೋರ್’ ಅಂದರು. ಜಮೈಕಾದಲ್ಲಿ ಹೊರಡುವಾಗ ಹೇಳುವ ಮಾತು. ‘ಇನ್ನೊಂದು ಸ್ವಲ್ಪ ಹೊತ್ತಲ್ಲಿ ಸಿಗೋಣ’ ಅನ್ನೋ ಅರ್ಥ, ಸಿಗುತ್ತೀವೋ ಬಿಡ್ತೀವೋ. ‘ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು’ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು.

ರೊಟ್ಟಿ ಅಂಗಡಿಯ ಹೋಳಿಗೆ

ಹೊಟ್ಟೆ ವಿಷಯಕ್ಕೆ ಬರೋಣ. ಸಸ್ಯಾಹಾರಿಗಳಿಗೆ ಅಮೆರಿಕದ ಸಣ್ಣ ಊರುಗಳು ಕಷ್ಟ ಅನ್ನೋ ಮಾತು ಲಾಡರ್‌ಹಿಲ್‌ಗೆ ಅನ್ವಯಿಸೋಲ್ಲ. ಇಲ್ಲಿ ಟ್ರಿನಿಡಾಡ್ ಮತ್ತು ಗಯಾನಾದ ‘ರೊಟ್ಟಿ ಅಂಗಡಿ’ಗಳಿವೆ. 1838ರಿಂದ 1917ರವರೆಗೆ ಬ್ರಿಟಿಷರು ಲಕ್ಷಾಂತರ ಭಾರತೀಯರನ್ನು ಕಬ್ಬಿನ ಗದ್ದೆಗಳ ಕೂಲಿಗೆ ಅಂತ ಹಡಗಿನಲ್ಲಿ ಕೆರಿಬಿಯನ್‌ಗೆ ಸಾಗಿಸಿದರು. ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ ಹೋದ ಭೋಜಪುರಿ ಸೀಮೆಯವರು, ಒಂದಷ್ಟು ಜನ ಮದ್ರಾಸಿನಿಂದ ಹೋದವರು. ರೋಹನ್ ಕನ್ಹಾಯ್, ಕಾಳಿಚರಣ್, ಚಂದ್ರಪಾಲ್ ಎಲ್ಲ ಆ ಮನೆತನಗಳವರೇ. ಅವರ ಮರಿಮಕ್ಕಳು ಎರಡನೇ ಸಲ ಸಮುದ್ರ ದಾಟಿ ಬಂದಿರುವುದು ನ್ಯೂಯಾರ್ಕಿಗೆ, ಟೊರಾಂಟೋಗೆ, ಇಲ್ಲಿಗೆ.

ಕೌಂಟರಿನಲ್ಲಿದ್ದ ಗಯಾನಾದ ಆಂಟಿ ನನ್ನನ್ನು ನೋಡಿ ಕೇಳಿದ ಮೊದಲ ಪ್ರಶ್ನೆ: ‘ನೀನು ಇಂಡಿಯನ್ನಾ? ಅಂದ್ರೆ, ಇಂಡಿಯಾ ಇಂಡಿಯನ್ನಾ?’ ಹೌದು ಅಂದೆ. ಅವರು ದಾಲ್‌ಪುರಿ ಕೊಟ್ಟರು. ಬಟಾಣಿ ಬೇಳೆ ಬೇಯಿಸಿ, ಜೀರಿಗೆ ಹಾಕಿ ಪುಡಿ ಮಾಡಿ, ಕಣಕದೊಳಗೆ ತುಂಬಿ, ಮೊರದಗಲ ಲಟ್ಟಿಸಿ ಬೇಯಿಸಿದ್ದು. ಒಳಗೆ ಕಡಲೆಕಾಳು, ಆಲೂಗಡ್ಡೆ ಪಲ್ಯ ಇಟ್ಟು ಸುತ್ತಿ ಕೊಡುತ್ತಾರೆ. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಇದು ಖಾರದ ಹೋಳಿಗೆ!

‘ನಿಮ್ಮಲ್ಲೂ ಮಾಡ್ತಾರಾ?’ ಅಂದರು. ‘ಮಾಡ್ತೀವಿ ಆಂಟಿ, ಆದರೆ ಬೇಳೆಗೆ ಬೆಲ್ಲ ಹಾಕಿ’ ಅಂದೆ. ‘ಬೇಳೆಗೆ ಬೆಲ್ಲನಾ?’ ಅಂತ ಒಳಗಿದ್ದ ಗಂಡನನ್ನೂ ಕರೆದು ಹೇಳಿದರು. ಇಬ್ಬರೂ ನನ್ನನ್ನು ನೋಡಿದ ರೀತಿ, ಪಾಪ ಹುಡುಗನಿಗೆ ಮನೆಯಲ್ಲಿ ಸರಿಯಾಗಿ ಅಡುಗೆ ಮಾಡಿ ಹಾಕಿಲ್ಲ ಅನ್ನೋ ಹಾಗಿತ್ತು. ತಮ್ಮ ಅಜ್ಜನ ಕಡೆಯವರು ‘ಮದ್ರಾಸಿ’ಗಳು, ಮನೆದೇವರು ಮಾರಿಯಮ್ಮ ಅಂದರು. ನಮ್ಮೂರ ಮಾರಮ್ಮನ ವಿಷಯ ಹೇಳಿದೆ. ಅವರಿಗೆ ಅದು ಬೆಲ್ಲದಷ್ಟು ಆಶ್ಚರ್ಯ ಅನ್ನಿಸಲಿಲ್ಲ.

ಜಮೈಕಾದ ತಿಂಡಿಗಳಲ್ಲಿ ಮೊದಲು ತಿನ್ನಬೇಕಾದ್ದು ಪ್ಯಾಟಿ. ಹಳದಿ ಬಣ್ಣದ ಗರಿಗರಿ ಹೊದಿಕೆ, ಒಳಗೆ ಮಾಂಸ ಅಥವಾ ತರಕಾರಿ. ಅಯ್ಯಂಗಾರ್ ಬೇಕರಿ ಪಫ್ಸ್‌ನ ಕೆರಿಬಿಯನ್ ಸೋದರ. ಅದನ್ನು ಮತ್ತೆ ‘ಕೋಕೋ ಬ್ರೆಡ್’ ಅನ್ನೋ ಬನ್ನಿನೊಳಗೆ ಇಟ್ಟು ತಿನ್ನುತ್ತಾರೆ. ಮಾಂಸ ತಿನ್ನುವವರಾದರೆ ಮೇಕೆ ಕರಿ ಇದೆ, ಹೊಗೆಯಲ್ಲಿ ಸುಟ್ಟ ಜರ್ಕ್ ಚಿಕನ್ ಇದೆ.

ನನಗೆ ಹೆಚ್ಚು ಮಜಾ ಕೊಟ್ಟಿದ್ದು ತರಕಾರಿ ಅಂಗಡಿ. ಜಮೈಕಾದವರ ‘ಕಲಲೂ’ ಅಂತ ಕಟ್ಟು ಕಟ್ಟಿ ಇಟ್ಟಿರೋದು ನಮ್ಮ ಹರಿವೆ ಜಾತಿಯ ಸೊಪ್ಪು. ಟ್ರಿನಿಡಾಡ್‌ನವರನ್ನು ಕೇಳಿದರೆ ‘ಕಲಲೂ’ ಅಂದರೆ ಕೆಸುವಿನ ಸೊಪ್ಪು. ಇದರ ಬಗ್ಗೆ ಇಬ್ಬರಿಗೂ ಜಗಳ. ‘ಬ್ರೆಡ್‌ಫ್ರೂಟ್’ ಅನ್ನೋ ಬೋರ್ಡಿನ ಕೆಳಗೆ ಕೂತಿದ್ದದ್ದು ಮಂಗಳೂರಿನ ಜೀಗುಜ್ಜೆ. ‘ಸಾರೆಲ್’ ಅನ್ನೋ ಕೆಂಪು ಪಾನಕ ಪುಂಡಿ ಗಿಡದ ಹೂವಿನ ಬುಡದ ಕೆಂಪು ದಳಗಳಿಂದ ಮಾಡಿದ್ದು, ಶುಂಠಿ ಹಾಕಿರುತ್ತಾರೆ. ಪುಂಡಿಪಲ್ಯ ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಕಲಬುರಗಿ ರೂಮ್‌ಮೇಟಿಗೆ ಫೋಟೋ ಕಳಿಸಿದೆ, ನಂಬಲಿಲ್ಲ.

ಮಾವಿನದ್ದು ಇನ್ನೊಂದು ಕಥೆ. ಜೂನ್ ತಿಂಗಳಲ್ಲಿ ಲಾಡರ್‌ಹಿಲ್‌ನ ಹಿತ್ತಿಲುಗಳಲ್ಲಿ ಮಾವು ಜೋತು ಬಿದ್ದಿರುತ್ತೆ. ಫ್ಲೋರಿಡಾದ ಮಾವಿನ ವಂಶಾವಳಿ ಶುರುವಾಗೋದು 1889ರಲ್ಲಿ ಭಾರತದಿಂದ ತರಿಸಿದ ‘ಮಲ್ಗೋಬಾ’ದಿಂದ. ಹೌದು, ಹೆಸರು ನಮ್ಮ ಮಲ್ಗೋವದ್ದೇ. ಅದರ ಬೀಜದಿಂದ ಹುಟ್ಟಿದ್ದು ‘ಹೇಡನ್’. ಇವತ್ತು ಅಮೆರಿಕದ ಸೂಪರ್ ಮಾರ್ಕೆಟ್‌ಗಳಲ್ಲಿ ಎಲ್ಲೆಲ್ಲೂ ಕಾಣುವ ‘ಟಾಮಿ ಆಟ್ಕಿನ್ಸ್’ ಹುಟ್ಟಿದ್ದು ಲಾಡರ್‌ಹಿಲ್ ಇರುವ ಇದೇ ಬ್ರೋವರ್ಡ್ ಕೌಂಟಿಯಲ್ಲಿ. ನೋಡಲು ಚೆಂದ, ರುಚಿ ಸಪ್ಪೆ. ಬಾದಾಮಿ, ರಸಪೂರಿ ತಿಂದವರು ಅದನ್ನು ಮಾವು ಅಂತ ಒಪ್ಪೋದು ಕಷ್ಟ.

ಕಟ್ಟಿದವರು ಯಾರು, ತುಂಬಿಸುವವರು ಯಾರು

ಈಗ ಸ್ಟೇಡಿಯಂ. 2000ದ ನವೆಂಬರಿನಲ್ಲಿ ಬ್ರೋವರ್ಡ್ ಕೌಂಟಿಯ ಮತದಾರರು ಪಾರ್ಕುಗಳಿಗಾಗಿ 40 ಕೋಟಿ ಡಾಲರ್ ಬಾಂಡ್ ಎತ್ತಲು ಒಪ್ಪಿಗೆ ಕೊಟ್ಟರು. ಬಾಂಡ್ ಅಂದರೆ ಸಾಲ. ತೀರಿಸುವುದು ಅಲ್ಲಿಯ ಮನೆಗಳ ಆಸ್ತಿ ತೆರಿಗೆಯಿಂದ. ಆ ಹೊತ್ತಿಗೆ ಕೆರಿಬಿಯನ್ ಮತದಾರರು ಲೆಕ್ಕಕ್ಕೆ ಬರುವಷ್ಟಾಗಿದ್ದರು. ಜಮೈಕಾದಲ್ಲಿ ಹುಟ್ಟಿದ ಹೇಝೆಲ್ ರೋಜರ್ಸ್ 1996ರಲ್ಲೇ ಲಾಡರ್‌ಹಿಲ್ ನಗರಸಭೆಗೆ ಆಯ್ಕೆಯಾಗಿದ್ದರು, ಮುಂದೆ ರಾಜ್ಯದ ಶಾಸನಸಭೆಗೂ ಹೋದರು. ಬಾಂಡಿನ ದುಡ್ಡಿನಲ್ಲಿ ಸುಮಾರು 7 ಕೋಟಿ ಡಾಲರ್ ಖರ್ಚಿನಲ್ಲಿ, 110 ಎಕರೆಯ ಸೆಂಟ್ರಲ್ ಬ್ರೋವರ್ಡ್ ಪಾರ್ಕ್ ಎದ್ದಿತು. ಕ್ರಿಕೆಟ್ ಮೈದಾನದ ಜೊತೆಗೆ ಈಜುಕೊಳ, ಬ್ಯಾಸ್ಕೆಟ್‌ಬಾಲ್, ಮಕ್ಕಳ ನೀರಾಟದ ಜಾಗ ಎಲ್ಲ ಇದೆ. 2007ರ ವೆಸ್ಟ್ ಇಂಡೀಸ್ ವಿಶ್ವಕಪ್‌ನ ಪಂದ್ಯಗಳು ಇಲ್ಲಿ ನಡೆಯಲಿ ಅಂತ ಊರಿನವರು ಆಸೆಪಟ್ಟು ಬಿಡ್ ಹಾಕಿದ್ದರು, ಸಿಗಲಿಲ್ಲ. ವಿಶ್ವಕಪ್ ಏಪ್ರಿಲ್‌ನಲ್ಲಿ ಮುಗಿಯಿತು, ಪಾರ್ಕ್ ಉದ್ಘಾಟನೆ ಆಗಿದ್ದು ನವೆಂಬರಿನಲ್ಲಿ. ಸರ್ಕಾರಿ ಕಾಮಗಾರಿ ಎಲ್ಲಾ ಕಡೆ ಒಂದೇ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಈ ಮೈದಾನ ಕಟ್ಟಿಸಿಕೊಂಡಿದ್ದು ಲಾಡರ್‌ಹಿಲ್‌ನ ಕೆರಿಬಿಯನ್ ಜನ. ದೊಡ್ಡ ದಿನಗಳಲ್ಲಿ ಅದನ್ನು ತುಂಬಿಸುತ್ತಿರುವುದು ನಾವು. ಭಾರತದ ಪಂದ್ಯ ಅಂದರೆ ನ್ಯೂಜೆರ್ಸಿಯಿಂದ, ಟೆಕ್ಸಾಸ್‌ನಿಂದ, ಅಟ್ಲಾಂಟಾದಿಂದ ನಮ್ಮವರು ವಿಮಾನದಲ್ಲಿ ಬಂದಿಳಿಯುತ್ತಾರೆ. 2022ರಲ್ಲಿ ಭಾರತ-ವೆಸ್ಟ್ ಇಂಡೀಸ್ ನಾಲ್ಕನೇ ಟಿ20 ನಡೆದದ್ದು ಆಗಸ್ಟ್ 6ರಂದು. ಅವತ್ತು ಜಮೈಕಾಕ್ಕೆ ಸ್ವಾತಂತ್ರ್ಯ ಬಂದು ಸರಿಯಾಗಿ 60 ವರ್ಷ. ಜಮೈಕಾದವರ ಊರಿನಲ್ಲಿ, ಜಮೈಕಾದ ಹಬ್ಬದ ದಿನ, ಟೀವಿಯಲ್ಲಿ ಕಾಣುತ್ತಿದ್ದದ್ದು ನೀಲಿ ಜೆರ್ಸಿಗಳ ಸಾಲು. ‘ನಿಮ್ಮವರು ಬಂದರೆ ಟಿಕೆಟ್ ದರ ನೋಡೋಕೆ ಆಗೋಲ್ಲ, ನಾವು ಮನೆಯಲ್ಲೇ ನೋಡ್ತೀವಿ, ಸದ್ದು ಹೇಗೂ ಕಿಟಕಿಗೆ ಕೇಳುತ್ತೆ’ ಅಂತ ಪಾರ್ಕಿನಲ್ಲಿ ಸಿಕ್ಕ ಒಬ್ಬ ಅಂಕಲ್ ನಗುತ್ತಾ ಹೇಳಿದರು. ಆದರೆ 2023ರ ಆಗಸ್ಟ್ 13 ಅವರದು. ಕೊನೆಯ ಪಂದ್ಯದಲ್ಲಿ ಜಮೈಕಾದ ಬ್ರಾಂಡನ್ ಕಿಂಗ್ ಅಜೇಯ 85 ಹೊಡೆದು ಸರಣಿಯನ್ನು 3-2ರಿಂದ ವೆಸ್ಟ್ ಇಂಡೀಸ್‌ಗೆ ಗೆದ್ದುಕೊಟ್ಟ ದಿನ. ಅದರ ಬಗ್ಗೆ ಕೇಳಿದರೆ ಆ ಅಂಕಲ್ ಓವರ್ ಓವರ್ ಲೆಕ್ಕ ಒಪ್ಪಿಸುತ್ತಾರೆ. ಅಂದಹಾಗೆ ಹೈಟಿಯವರಿಗೆ ಈ ಗಲಾಟೆಯೇ ಅರ್ಥವಾಗೋಲ್ಲ. ಫ್ರೆಂಚರು ಆಳಿದ ನಾಡು, ಅವರದೇನಿದ್ದರೂ ಫುಟ್‌ಬಾಲ್.

ಇನ್ನು ಮಳೆ. 2024ರ ಜೂನ್‌ನಲ್ಲಿ ಇಲ್ಲಿ ನಡೆಯಬೇಕಿದ್ದ ನಾಲ್ಕು ವಿಶ್ವಕಪ್ ಪಂದ್ಯಗಳಲ್ಲಿ ಮೂರು ಒಂದು ಎಸೆತವೂ ಇಲ್ಲದೆ ರದ್ದಾದವು. ಆ ವಾರ ಬ್ರೋವರ್ಡ್ ಸೇರಿ ಐದು ಕೌಂಟಿಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು, ರಸ್ತೆಗಳೇ ಕಾಲುವೆಗಳಾಗಿದ್ದವು. ಮೈದಾನಕ್ಕೆ ಪೂರ್ತಿ ಹೊದಿಕೆ ಇಲ್ಲ ಅಂತ ಗಾವಸ್ಕರ್ ಸಿಟ್ಟಾದರು. ಚಿನ್ನಸ್ವಾಮಿಯಲ್ಲಿ ನೆಲದಡಿಯಿಂದ ನೀರು ಎಳೆಯುವ ಸಬ್‌ಏರ್ ವ್ಯವಸ್ಥೆ ನೋಡಿದ ನಮಗೆ ಇದು ನಿರ್ಲಕ್ಷ್ಯ ಅನ್ನಿಸೋದು ಸಹಜ. ಆದರೆ ಇಲ್ಲಿಯ ನೆಲವೇ ಬೇರೆ. ಇದೆಲ್ಲ ಒಂದು ಕಾಲಕ್ಕೆ ಎವರ್‌ಗ್ಲೇಡ್ಸ್ ಅನ್ನೋ ಜೌಗು ಪ್ರದೇಶ. ಕಾಲುವೆ ತೋಡಿ ನೀರು ಹರಿಸಿ ಊರು ಮಾಡಿದ್ದು. ಕೆಳಗೆ ಸ್ಪಂಜಿನಂಥ ಸುಣ್ಣಕಲ್ಲು, ಕೆಲವೇ ಅಡಿ ಆಳದಲ್ಲಿ ನೀರು. ಮೇಲಿನ ನೀರು ಇಳಿಯೋಕೆ ಕೆಳಗೆ ಜಾಗವೇ ಇರೋದಿಲ್ಲ.

ಆ ಮಳೆ ಅಮೆರಿಕಕ್ಕೆ ಮಾತ್ರ ವರವಾಯಿತು. ಜೂನ್ 14ರ ಐರ್ಲೆಂಡ್ ಪಂದ್ಯ ರದ್ದಾಗಿ ಸಿಕ್ಕ ಒಂದು ಅಂಕದಿಂದ ಅಮೆರಿಕ ಸೂಪರ್ 8 ತಲುಪಿತು, ಪಾಕಿಸ್ತಾನ ಮನೆಗೆ ಹೋಯಿತು. ಆ ತಂಡದಲ್ಲಿ ಒರಾಕಲ್‌ನ ಸಾಫ್ಟ್‌ವೇರ್ ಎಂಜಿನಿಯರ್ ಸೌರಭ್ ನೇತ್ರಾವಲ್ಕರ್ ಇದ್ದ. ನಮ್ಮ ಆಫೀಸಿನಲ್ಲಿ ಆ ವಾರ ಮ್ಯಾನೇಜರುಗಳಿಗೆ ಲೀವ್ ಕೇಳೋಕೆ ಒಳ್ಳೆ ಉದಾಹರಣೆ ಸಿಕ್ಕಿತ್ತು. ಜೊತೆಗೆ ಕಾಫಿ ತೋಟದ ಚಿಕ್ಕಮಗಳೂರು ಮನೆತನದ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ನೋಸ್ತುಶ್ ಕೆಂಜಿಗೆ. ಡಲ್ಲಾಸ್‌ನಲ್ಲಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತವನು ಅವನೇ.

ನಾನು ಹೋದ ಭಾನುವಾರಗಳಲ್ಲಿ ದೊಡ್ಡ ಸ್ಟೇಡಿಯಂ ಖಾಲಿ, ಗೇಟಿಗೆ ಬೀಗ. ಜನ ಇದ್ದದ್ದು ಪಾರ್ಕಿನ ಪಕ್ಕದ ಬಯಲಿನಲ್ಲಿ. ಲೀಗ್ ಪಂದ್ಯ. ಹೊಟ್ಟೆ ಬಂದ ಅಂಕಲ್‌ಗಳು ಸ್ಲಿಪ್‌ನಲ್ಲಿ, ಹದಿನೈದು ವರ್ಷದ ಹುಡುಗರು ಬೌಂಡರಿಯಲ್ಲಿ, ಮರದ ಕೆಳಗೆ ಡಾಮಿನೋ ಆಡುವವರ ಟಪ್ ಟಪ್ ಸದ್ದು. ಆ ಅಂಕಲ್‌ನ ಮೊಮ್ಮಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು, ಕ್ರಿಕೆಟ್ ‘ಅಜ್ಜನ ಆಟ’ ಅಂತೆ. ‘ಇನ್ನೊಂದು ಇಪ್ಪತ್ತು ವರ್ಷಕ್ಕೆ ಇಲ್ಲಿ ಯಾರು ಆಡ್ತಾರೆ?’ ಅಂದೆ. ಅವರು ಬೌಂಡರಿಯ ಕಡೆ ಕೈ ತೋರಿಸಿದರು. ಅಲ್ಲಿದ್ದ ನಾಲ್ಕು ಹುಡುಗರಲ್ಲಿ ಇಬ್ಬರು ಹೈದರಾಬಾದ್ ಕಡೆಯವರ ಮಕ್ಕಳು.

ನೀವು ಹೋಗುವುದಾದರೆ: ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಲಾಡರ್‌ಹಿಲ್. 441ರ ಮೇಲೆ ಓಡುವ ಕೌಂಟಿ ಬಸ್ ಲಾಡರ್‌ಹಿಲ್ ಮಾಲ್ ಹತ್ತಿರ ನಿಲ್ಲುತ್ತೆ. 1966ರ ಈ ಹಳೇ ಮಾಲ್‌ನ ಅಂಗಡಿಗಳನ್ನೂ ಒಂದು ಸುತ್ತು ನೋಡಿ. ಪಾರ್ಕು ಅಲ್ಲಿಂದ ನಡೆಯುವಷ್ಟೇ ದೂರ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹವೆ ಹಿತ. ಮಾವು, ಜೀಗುಜ್ಜೆ ಬೇಕು ಅಂದರೆ ಜೂನ್-ಜುಲೈ, ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಗ್ಯಾರಂಟಿ, ಛತ್ರಿ ಇರಲಿ. ರೊಟ್ಟಿ ಅಂಗಡಿಗೆ ಹನ್ನೆರಡರೊಳಗೆ ಹೋಗಿ, ದಾಲ್‌ಪುರಿ ಬೇಗ ಖಾಲಿಯಾಗುತ್ತೆ. ಖಾರದ ಸಾಸ್ ಬೇಕಾ ಅಂತ ಕೇಳಿದಾಗ, ನಾವು ಬ್ಯಾಡಗಿ ಕಡೆಯವರು ಅಂತ ಧೈರ್ಯ ತೋರಿಸಬೇಡಿ. ಅದು ಸ್ಕಾಚ್ ಬಾನೆಟ್ ಮೆಣಸಿನಕಾಯಿ. ‘ಸ್ವಲ್ಪ’ ಅನ್ನಿ ಸಾಕು.